ಚೆಟ್ರಿಯ 95 ಗೋಲುಗಳಲ್ಲಿ ಹುಡುಗರಿಗೆ ಯಾವುದನ್ನು ತೋರಿಸಲಿ?

ಬೆಂಗ್ರೆ ದಡ:

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಕಸಬಾ ಬೆಂಗ್ರೆಯವನು. ಸಂಜೆ ಹೊತ್ತು ಊರಿನ ಸಣ್ಣ ಹುಡುಗರಿಗೆ ಫುಟ್‌ಬಾಲ್ ಆಡಿಸುತ್ತೇನೆ. ತರಬೇತುದಾರ ಎನ್ನುವಷ್ಟು ದೊಡ್ಡ ಮಾತೇನಲ್ಲ. ನಮ್ಮಲ್ಲಿರುವುದು ಒಂದು ಸೀಟಿ, ಕೆಲವು ಚೆಂಡು, ಇಳಿತದ ಹೊತ್ತಿಗೆ ಗಟ್ಟಿಯಾಗುವ ಮರಳು. ಈಗ ಟ್ರಾಲಿಂಗ್ ನಿಷೇಧದ ಸಮಯ. ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿವೆ, ಹುಡುಗರ ಅಪ್ಪಂದಿರೂ ಅಣ್ಣಂದಿರೂ ಮನೆಯಲ್ಲಿದ್ದಾರೆ. ಹೀಗಾಗಿ ನಮ್ಮ ಅಭ್ಯಾಸ ನೋಡುವವರೂ ಹೆಚ್ಚು, ದಡದಲ್ಲಿ ನಿಂತು ಸಲಹೆ ಕೊಡುವವರಂತೂ ಇನ್ನೂ ಹೆಚ್ಚು.

ಮಳೆ ಜೋರಾಗಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟ ದಿನ ಹುಡುಗರನ್ನು ಕ್ಲಬ್ಬಿನ ಕೋಣೆಯಲ್ಲಿ ಕೂರಿಸಿ ಪ್ರೊಜೆಕ್ಟರಿನಲ್ಲಿ ಹಳೆಯ ಪಂದ್ಯಗಳನ್ನು ತೋರಿಸುವುದು ನನ್ನ ಯೋಜನೆ. ಮೊದಲು, ಭಾರತ ತಂಡಕ್ಕೆ 95 ಗೋಲು ಹೊಡೆದ ಸುನಿಲ್ ಚೆಟ್ರಿ ಎಂದು ಹೇಳಿದೆ. ಅಷ್ಟಕ್ಕೇ ಜಗಳ ಶುರುವಾಯಿತು. ನಮ್ಮ ಊರು ಗೊತ್ತಲ್ಲ, ವಿಶ್ವಕಪ್ ಬಂದರೆ ಅರ್ಧ ಗಲ್ಲಿ ಅರ್ಜೆಂಟೀನಾ, ಅರ್ಧ ಗಲ್ಲಿ ಬ್ರೆಜಿಲ್. ಹದಿಮೂರು ವರ್ಷದ ಒಬ್ಬ ಹುಡುಗ ಎದ್ದು ನಿಂತು, "ಅಣ್ಣ, ನೇಪಾಳ, ಮಾಲ್ಡೀವ್ಸ್‌ಗೆ ಗೋಲು ಹೊಡೆಯುವುದು ಏನು ದೊಡ್ಡ ವಿಷಯ? ಮೆಸ್ಸಿಯ ಪಕ್ಕದಲ್ಲಿ ಅವರ ಹೆಸರು ಬರೆಯುವುದೇ ತಮಾಷೆ" ಎಂದ. ಉಳಿದವರು ನಕ್ಕರು. ಚೆಟ್ರಿಯ ಪರವಾಗಿ ನಾನು ಏನೋ ಹೇಳಿದೆ, ಆದರೆ ಹುಡುಗರು ಒಪ್ಪಿದಂತೆ ಕಾಣಲಿಲ್ಲ.

ನನ್ನ ಪ್ರಶ್ನೆ ಎರಡು. ಆ ಹುಡುಗನ ಮಾತಿನಲ್ಲಿ ಎಷ್ಟು ಸತ್ಯವಿದೆ? ಮತ್ತು, ಸ್ಟ್ರೈಕರ್ ಆಗಬೇಕೆನ್ನುವ ಹುಡುಗರು ನೋಡಲೇಬೇಕಾದ ಚೆಟ್ರಿಯ ಆಟ ಯಾವುದು? ಬರೀ ಗೋಲುಗಳನ್ನು ಪೋಣಿಸಿದ ಐದು ನಿಮಿಷದ ವಿಡಿಯೊ ಬೇಡ, ಅದು ಎಲ್ಲರ ಮೊಬೈಲಿನಲ್ಲೂ ಇದೆ.

ಕೊಟ್ಟಾರ ಚೌಕಿ:

ಹುಡುಗ ಸರಿಯಾಗಿಯೇ ಹೇಳಿದ್ದಾನೆ. 2024ರ ಜನವರಿಯಲ್ಲಿ ಕತಾರಿನಲ್ಲಿ ನಡೆದ ಏಷ್ಯಾ ಕಪ್ ನೋಡಿ. ಆಸ್ಟ್ರೇಲಿಯಾ ವಿರುದ್ಧ 0-2, ಉಜ್ಬೇಕಿಸ್ತಾನ ವಿರುದ್ಧ 0-3, ಸಿರಿಯಾ ವಿರುದ್ಧ 0-1. ಮೂರು ಪಂದ್ಯ, ಚೆಟ್ರಿ ಬಿಡಿ, ತಂಡಕ್ಕೇ ಒಂದು ಗೋಲಿಲ್ಲ. ದಕ್ಷಿಣ ಏಷ್ಯಾದ ದೇಶಗಳ ಸ್ಯಾಫ್ ಕಪ್ಪಿನಲ್ಲಿ ಹೊಡೆದದ್ದನ್ನು ಗುಡ್ಡೆ ಹಾಕಿ ಪುರುಷರ ಲೋಕದ ಪಟ್ಟಿಯಲ್ಲಿ ನಾಲ್ಕನೆಯವರು ಎಂದು ಎದೆ ತಟ್ಟಿಕೊಳ್ಳುವುದು ನಮ್ಮ ಚಟ. ಮಕ್ಕಳಿಗೆ ನಾರ್ವೆಯ ಸ್ಟ್ರೈಕರ್ ಹಾಲಾಂಡ್ ತೋರಿಸಿ, ಏನಾದರೂ ಕಲಿತಾರು.

ಹಳೆ ಸೆಂಟರ್ ಫಾರ್ವರ್ಡ್:

ಕೊಟ್ಟಾರದವರೇ, ನೀವು ಕೊಟ್ಟ ಅಂಕಿಗಳೆಲ್ಲ ಸರಿ. ಅದರಿಂದ ನೀವು ತೆಗೆದ ತೀರ್ಮಾನ ಮಾತ್ರ ಆಫ್‌ಸೈಡ್.

ಬೆಂಗ್ರೆಯ ತಮ್ಮನಿಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಿವೃತ್ತ ಬ್ಯಾಂಕ್ ನೌಕರ, ಬೇರೆ ಕೆಲಸವಿಲ್ಲ. ಒಂದು ಕಾಲದಲ್ಲಿ ಬ್ಯಾಂಕಿನ ತಂಡಕ್ಕೆ ನೆಹರೂ ಮೈದಾನದಲ್ಲಿ ಸೆಂಟರ್ ಫಾರ್ವರ್ಡ್ ಆಡಿದವನು. ಆಟಿಯ ಮಳೆಯಲ್ಲಿ ಆ ಕೆಂಪು ಕೆಸರಿನ ಮೇಲೆ ನಿಮ್ಮ ಬೆಂಗ್ರೆಯ ಡಿಫೆಂಡರುಗಳು ನನ್ನ ಹಿಮ್ಮಡಿಯ ಮೇಲೆ ಬರೆದ ಸಹಿ ಇನ್ನೂ ಇದೆ. ಆದುದರಿಂದ ಗೋಲು ಹೊಡೆಯುವವನ ಬಗ್ಗೆ ಮಾತಾಡಲು ನನಗೆ ತುಸು ಹಕ್ಕಿದೆ ಎಂದುಕೊಂಡಿದ್ದೇನೆ.

ಮೊದಲು ಸಣ್ಣ ದೇಶಗಳ ಲೆಕ್ಕ ಮುಗಿಸೋಣ. ಮೆಸ್ಸಿ ದೇಶಕ್ಕಾಗಿ ನೂರನೆಯ ಗೋಲು ಹೊಡೆದದ್ದು ಯಾರಿಗೆ? 2023ರ ಮಾರ್ಚ್‌ನಲ್ಲಿ, ಕುರಸಾವ್ ಎಂಬ ದ್ವೀಪಕ್ಕೆ. ಆ ಪಂದ್ಯ 7-0. ಅದಕ್ಕೂ ಹಿಂದಿನ ವರ್ಷ ಎಸ್ಟೋನಿಯಾಕ್ಕೆ ಒಂದೇ ಪಂದ್ಯದಲ್ಲಿ ಐದು. ರೊನಾಲ್ಡೊ ಅಂಡೋರಾಕ್ಕೆ ನಾಲ್ಕು ಹೊಡೆದಿದ್ದಾರೆ, ಲಿಥುವೇನಿಯಾಕ್ಕೆ ನಾಲ್ಕು ಹೊಡೆದಿದ್ದಾರೆ. ಪುರುಷರಲ್ಲಿ ದೇಶಕ್ಕಾಗಿ ನೂರರ ಗಡಿ ಮೊದಲು ದಾಟಿದ ಇರಾನಿನ ಅಲಿ ದಾಯಿ ಅದನ್ನು ದಾಟಿದ್ದು 2004ರಲ್ಲಿ, ಲಾವೋಸ್ ವಿರುದ್ಧ. ದೊಡ್ಡ ಮೊತ್ತ ಎಲ್ಲಿದ್ದರೂ ಅದರ ಅಡಿಯಲ್ಲಿ ಸಣ್ಣ ದೇಶಗಳಿರುತ್ತವೆ ಮಾರಾಯರೇ. ಮೆಸ್ಸಿಯನ್ನು ಮೆಸ್ಸಿ ಮಾಡಿದ್ದು ಎಸ್ಟೋನಿಯಾ ಅಲ್ಲ, ವಿಶ್ವಕಪ್. ಆ ಮೆಟ್ಟಿಲು ಚೆಟ್ರಿಯ ಮುಂದೆ ಇರಲೇ ಇಲ್ಲ. ಅದನ್ನು ಬಾಯಿ ಮುಚ್ಚಿ ಒಪ್ಪಿಕೊಳ್ಳಬೇಕು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡುವವರು ಚೆಟ್ರಿಗೆ ಉಪಕಾರ ಮಾಡುತ್ತಿಲ್ಲ. ಅವರೇ ಎಷ್ಟೋ ಸಲ ಆ ಹೋಲಿಕೆ ಬೇಡ ಎಂದಿದ್ದಾರೆ.

ಹಾಗಾದರೆ ದೊಡ್ಡ ಕಡೆ ಏನೂ ಮಾಡಿಲ್ಲವೇ? 27 ವರ್ಷಗಳ ನಂತರ ಭಾರತ ಏಷ್ಯಾ ಕಪ್ ಆಡಿದ್ದು 2011ರಲ್ಲಿ. ಅಲ್ಲಿಗೆ ಹೋದದ್ದು ಹೇಗೆ ಎಂದರೆ, 2008ರ ಎಎಫ್‌ಸಿ (ಏಷ್ಯಾ ಫುಟ್‌ಬಾಲ್ ಒಕ್ಕೂಟ) ಚಾಲೆಂಜ್ ಕಪ್ ಫೈನಲ್ಲಿನಲ್ಲಿ ತಜಕಿಸ್ತಾನವನ್ನು ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ 4-1ರಿಂದ ಸೋಲಿಸಿ. ನಾಲ್ಕರಲ್ಲಿ ಮೂರು ಚೆಟ್ರಿಯವು. ಆಗ ಅವರಿಗೆ 24 ವರ್ಷ. ಬೈಚುಂಗ್ ಭುಟಿಯಾ ಇನ್ನೂ ಆಡುತ್ತಿದ್ದರು, ಎಲ್ಲರ ಕಣ್ಣು ಅವರ ಮೇಲೆಯೇ ಇತ್ತು. ಏಷ್ಯಾ ಕಪ್ಪಿನಲ್ಲಿ ನಾವು ಮೂರೂ ಪಂದ್ಯ ಸೋತೆವು, ಆದರೆ ಬಹರೇನ್‌ಗೆ ಒಂದು, ದಕ್ಷಿಣ ಕೊರಿಯಾಕ್ಕೆ ಪೆನಾಲ್ಟಿಯಲ್ಲಿ ಒಂದು, ಎರಡೂ ಇವರದೇ. 2019ರ ಜನವರಿಯಲ್ಲಿ ಅಬುಧಾಬಿಯಲ್ಲಿ ಥಾಯ್ಲೆಂಡ್‌ಗೆ 4-1, ಅದರಲ್ಲಿ ಎರಡು. ಕೊಟ್ಟಾರದವರು 2024ನ್ನು ಮಾತ್ರ ಎತ್ತಿಕೊಂಡಿದ್ದಾರೆ. ಅಂದು ಚೆಟ್ರಿಗೆ 39 ವರ್ಷ. ಮುಪ್ಪಿನ ಹೊಸ್ತಿಲಲ್ಲಿರುವ ಫಾರ್ವರ್ಡನನ್ನೇ ಆಸ್ಟ್ರೇಲಿಯಾದ ಎದುರು ಒಬ್ಬಂಟಿಯಾಗಿ ನಿಲ್ಲಿಸಬೇಕಾಯಿತಲ್ಲ, ನಾಚಿಕೆ ಯಾರಿಗೆ ಆಗಬೇಕು?

ನನ್ನ ಮಾತಿನ ತಿರುಳು ಅಲ್ಲಿಯೇ ಇದೆ. 95 ಎಂಬ ಅಂಕಿ ಚೆಟ್ರಿಯ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ಅವರ ಅಕ್ಕಪಕ್ಕ ಯಾರೂ ಇರಲಿಲ್ಲ ಎಂಬುದನ್ನು ಹೇಳುತ್ತದೆ. ಪೆನಾಲ್ಟಿ ಬಂದರೆ ಅವರು, ಫ್ರೀಕಿಕ್ ಬಂದರೆ ಅವರು, ಕ್ರಾಸ್ ಬಂದರೆ ತಲೆ ಕೊಡಲೂ ಅವರು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಗೋಲಿಲ್ಲದೆ ಆಡಿ ವಿದಾಯ ಹೇಳಿದರು. ಲೆಕ್ಕ 151 ಪಂದ್ಯಕ್ಕೆ 94. ಒಂಬತ್ತು ತಿಂಗಳು ಕಳೆಯಿತು. 2025ರ ಮಾರ್ಚ್‌ನಲ್ಲಿ ಅದೇ ಮನುಷ್ಯನನ್ನು 40ನೆಯ ವಯಸ್ಸಿನಲ್ಲಿ ಮತ್ತೆ ಕರೆದರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು ಲಿಸ್ಟನ್ ಕೊಲಾಸೊ ಕೊಟ್ಟ ಕ್ರಾಸಿಗೆ ತಲೆ ತಾಗಿಸಿ 95 ಮಾಡಿದರು. ಟಿ.ವಿ.ಯ ಮುಂದೆ ನಾನೂ ಚಪ್ಪಾಳೆ ತಟ್ಟಿದೆ. ನೂರಾ ನಲವತ್ತು ಕೋಟಿ ಜನರ ದೇಶಕ್ಕೆ ಇನ್ನೊಬ್ಬ ಗೋಲು ಹೊಡೆಯುವವನು ಸಿಗಲಿಲ್ಲವಲ್ಲ ಎಂಬ ಸಿಟ್ಟೂ ಅದೇ ಚಪ್ಪಾಳೆಯಲ್ಲಿತ್ತು.

ಯಾಕೆ ಸಿಗಲಿಲ್ಲ? ನಮ್ಮ ದೇಶದ ಕ್ಲಬ್ಬುಗಳ ಲೀಗ್ ಐಎಸ್‌ಎಲ್ ನೋಡಿ. 2014ರಿಂದ 2025ರವರೆಗೆ ಒಂದು ಋತುವಿನಲ್ಲಾದರೂ ಅತಿ ಹೆಚ್ಚು ಗೋಲು ಹೊಡೆದವರ ಪ್ರಶಸ್ತಿ ಭಾರತೀಯನಿಗೆ ಬಂದಿಲ್ಲ. ಕ್ಲಬ್ಬುಗಳು ಹಣ ಸುರಿಯುವುದೇ ವಿದೇಶಿ ಸ್ಟ್ರೈಕರ್ ಮೇಲೆ. ನಮ್ಮ ಹುಡುಗ ಚುರುಕಾಗಿದ್ದರೆ ಅವನನ್ನು ಅಂಚಿಗೆ ತಳ್ಳಿ ವಿಂಗರ್ ಮಾಡುತ್ತಾರೆ. ಬೆಂಗಳೂರು ಎಫ್‌ಸಿಯಲ್ಲಿ ಚೆಟ್ರಿಗೂ ಇದೇ ಆಯಿತು. 2017-18ರಲ್ಲಿ ನಡುವೆ ವೆನೆಜುವೆಲಾದ ಮಿಕು, ಎಡ ಅಂಚಿನಲ್ಲಿ ಚೆಟ್ರಿ. ಆದರೂ ಮಿಕು 15, ಚೆಟ್ರಿ 14. ಅಂಚಿಗೆ ತಳ್ಳಿದರೂ ಗೋಲಿನ ಬಾಯಿಗೆ ದಾರಿ ಹುಡುಕಿಕೊಂಡು ಬರುವುದು ಅವರಿಗೆ ಗೊತ್ತಿತ್ತು. ಬೇರೆಯವರು ಅಂಚಿನಲ್ಲಿಯೇ ಉಳಿದರು.

ಇನ್ನು ಏನು ತೋರಿಸಬೇಕು ಎಂಬ ವಿಷಯ.

ನಾನಾಗಿದ್ದರೆ 2017ರ ಜೂನ್ 13ರ ಕಿರ್ಗಿಸ್ತಾನ ಪಂದ್ಯದಿಂದ ಶುರು ಮಾಡುತ್ತೇನೆ. ಏಷ್ಯಾ ಕಪ್ ಅರ್ಹತಾ ಪಂದ್ಯ, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ರಾತ್ರಿ ಬಸ್ಸು ಹತ್ತಿ ಹೋಗಿ ನೋಡಿದ್ದೇನೆ. ಶಿರಾಡಿ ಘಾಟಿಯಲ್ಲಿ ಲಾರಿಗಳ ಸಾಲಿನ ಹಿಂದೆ ನಿಂತು ಪಟ್ಟ ಪಾಡು ಬೇರೆಯೇ ಕಥೆ, ಬಿಡಿ. ಅರವತ್ತೊಂಬತ್ತನೆಯ ನಿಮಿಷದವರೆಗೆ ಎದುರಾಳಿಗಳು ನಮಗಿಂತ ಚೆನ್ನಾಗಿಯೇ ಆಡುತ್ತಿದ್ದರು. ಆಗ ಚೆಟ್ರಿ ಮೈದಾನದ ನಡುವಿನಿಂದ ಚೆಂಡು ಎಳೆದುಕೊಂಡು ಹೊರಟರು, ಜೊತೆಯ ಫಾರ್ವರ್ಡ್ ಜೇಜೆಗೆ ಕೊಟ್ಟರು, ಕೊಟ್ಟವರು ನಿಲ್ಲಲಿಲ್ಲ. ಹುಡುಗರಿಗೆ ತೋರಿಸಬೇಕಾದದ್ದು ಇದನ್ನೇ. ನಮ್ಮ ಮೈದಾನಗಳಲ್ಲಿ ಪಾಸ್ ಕೊಟ್ಟವನು ಸೊಂಟಕ್ಕೆ ಕೈಕೊಟ್ಟು ನಿಂತು ತನ್ನ ಪಾಸನ್ನು ತಾನೇ ಮೆಚ್ಚಿಕೊಳ್ಳುತ್ತಾನೆ. ಚೆಟ್ರಿ ಕೊಟ್ಟ ಕ್ಷಣದಲ್ಲಿಯೇ ರಕ್ಷಣಾ ಸಾಲಿನ ಹಿಂದಕ್ಕೆ ಓಡಿದರು. ಜೇಜೆ ತಲೆಗಳ ಮೇಲಿನಿಂದ ಮೆಲ್ಲಗೆ ಎತ್ತಿ ಹಾಕಿದರು, ಇವರು ಒಳಗೆ ಹೊಡೆದರು. 1-0. ಆ ಗೋಲಿನ ವಿಡಿಯೊ ಹಾಕಿ, ಚೆಂಡನ್ನು ನೋಡಬೇಡಿ, ಅವರ ಕಾಲನ್ನು ಮಾತ್ರ ನೋಡಿ ಎಂದು ಹುಡುಗರಿಗೆ ಹೇಳಿ.

ಎರಡನೆಯದಾಗಿ, 2023ರ ಜೂನ್‌ನಲ್ಲಿ ಅದೇ ಕಂಠೀರವದಲ್ಲಿ ಪಾಕಿಸ್ತಾನದ ವಿರುದ್ಧ ಹೊಡೆದ ಮೂರು ಗೋಲು. ಎರಡು ಪೆನಾಲ್ಟಿ, ಅವುಗಳನ್ನು ಬಿಟ್ಟುಬಿಡಿ. ಮೊದಲನೆಯದನ್ನು ನೋಡಿ. ಚೆಂಡು ಪಾಕಿಸ್ತಾನದ ಗೋಲ್‌ಕೀಪರ್ ಕಾಲಿಗೆ ಹಿಂದಕ್ಕೆ ಬಂತು. ನೂರರಲ್ಲಿ ತೊಂಬತ್ತೊಂಬತ್ತು ಸಲ ಆ ಓಟ ವ್ಯರ್ಥ. 38 ವರ್ಷದ ನಾಯಕ ಓಡಿದರು, ಕೀಪರ್ ತಡವರಿಸಿದ, ಗೋಲಾಯಿತು. ಅದನ್ನು ನೋಡಿ ಅದೃಷ್ಟ ಎನ್ನುವವರು ಹಿಂದಿನ ಹದಿನೆಂಟು ವರ್ಷ ಅವರು ಹೀಗೆ ಓಡಿ ಬರಿಗೈಯಲ್ಲಿ ಮರಳಿದ್ದನ್ನು ನೋಡಿಲ್ಲ.

ಮೂರನೆಯದು ದೇಶದ್ದಲ್ಲ, ಕ್ಲಬ್ಬಿನದು. 2016ರ ಅಕ್ಟೋಬರ್, ಎಎಫ್‌ಸಿ ಕಪ್ ಸೆಮಿಫೈನಲ್, ಮಲೇಷ್ಯಾದ ಜೊಹೊರ್ ತಂಡ. ಹಿಂದಿನ ವರ್ಷದ ಚಾಂಪಿಯನ್ನರು. ಬೆಂಗಳೂರು 3-1ರಿಂದ ಗೆದ್ದಿತು, ಭಾರತದ ಕ್ಲಬ್ಬೊಂದು ಆ ಫೈನಲ್ ಮುಟ್ಟಿದ್ದು ಅದೇ ಮೊದಲು. ಚೆಟ್ರಿಯದು ಎರಡು. ಒಂದು ಹೆಡರ್, ಒಂದು ದೂರದಿಂದ ಬಾರಿಸಿದ್ದು. ಆ ಹೆಡರ್ ನೋಡಿ. ಐದಡಿ ಏಳಿಂಚಿನ ಮನುಷ್ಯ. ಎತ್ತರದವರ ನಡುವೆ ಗೆಲ್ಲುವುದು ಹಾರುವ ಎತ್ತರದಿಂದಲ್ಲ, ಹಾರುವ ಹೊತ್ತಿನಿಂದ. ಡಿಫೆಂಡರ್ ಚೆಂಡನ್ನು ನೋಡಲು ತಲೆ ಹೊರಳಿಸಿದ ಗಳಿಗೆಯಲ್ಲಿಯೇ ಅವನ ಕುರುಡು ಬದಿಯಿಂದ ಹೊರಬರುತ್ತಾರೆ. ನಿಮ್ಮ ಹುಡುಗರಲ್ಲಿ ಕುಳ್ಳಗಿದ್ದು ಫಾರ್ವರ್ಡ್ ಆಗಬೇಕೆನ್ನುವವನು ಇದ್ದರೆ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ.

ಕೊನೆಗೆ ಒಂದು ತಮಾಷೆ. ನಮ್ಮ ಕಾಲದ ಭಾರತ ತಂಡದ ಅತಿ ಗಟ್ಟಿ ಆಟ ಯಾವುದು ಎಂದು ಕೇಳಿದರೆ ನಾನು 2019ರ ಸೆಪ್ಟೆಂಬರ್‌ನಲ್ಲಿ ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರನ್ನು 0-0ಕ್ಕೆ ಹಿಡಿದ ಪಂದ್ಯ ಎನ್ನುತ್ತೇನೆ. ಅಂದು ಚೆಟ್ರಿಗೆ ಜ್ವರ, ಆಡಲೇ ಇಲ್ಲ. ಗುರ್‌ಪ್ರೀತ್ ಗೋಲು ಕಾದರು. ಇದನ್ನೂ ಹುಡುಗರಿಗೆ ಹೇಳಿ. ಅಭಿಮಾನಿಯಾದವನು ಇಂಥದ್ದನ್ನು ಮುಚ್ಚಿಡಬಾರದು.

ಕೊಟ್ಟಾರ ಚೌಕಿ:

ಸಾರ್, ಥಾಯ್ಲೆಂಡ್ ಪಂದ್ಯ ನನಗೆ ಮರೆತಿರಲಿಲ್ಲ. ಆದರೆ ಅದಾದ ಮೇಲೆ ಯುಎಇಗೂ ಬಹರೇನ್‌ಗೂ ಸೋತು ಗುಂಪಿನಲ್ಲಿಯೇ ಹೊರಬಿದ್ದೆವು, ಅದನ್ನು ನೀವು ಬರೆಯಲಿಲ್ಲ. ಐಎಸ್‌ಎಲ್ ಬಗ್ಗೆ ಹೇಳಿದ್ದನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಹಾಲಾಂಡ್ ತೋರಿಸಿ ಎಂದ ನನ್ನ ಸಲಹೆ ಹಾಗೆಯೇ ಇರಲಿ.

ಅಜ್ಜರಕಾಡು ಟೀಚರ್:

ಉಡುಪಿಯಿಂದ ಬರೆಯುತ್ತಿದ್ದೇನೆ. ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಹೆಣ್ಣುಮಕ್ಕಳ ತಂಡ ಕಟ್ಟಿದ್ದೇನೆ, ಅಜ್ಜರಕಾಡು ಮೈದಾನದಲ್ಲಿ ನಮಗೆ ಮೂಲೆ ಸಿಗುವುದು ಕ್ರಿಕೆಟ್ಟಿನವರು ಎದ್ದುಹೋದ ಮೇಲೆ.

ಇಷ್ಟು ಹೊತ್ತು ದೊಡ್ಡ ಮೊತ್ತದ ಚರ್ಚೆಯಾಯಿತು. ದೇಶಕ್ಕಾಗಿ ಅತಿ ಹೆಚ್ಚು ಗೋಲು ಹೊಡೆದವರ ಹೆಸರನ್ನು ಮಾತ್ರ ಒಬ್ಬರೂ ಬರೆಯಲಿಲ್ಲ. ಅದು ರೊನಾಲ್ಡೊ ಅಲ್ಲ, ಮೆಸ್ಸಿಯೂ ಅಲ್ಲ. ಕೆನಡಾದ ಕ್ರಿಸ್ಟೀನ್ ಸಿಂಕ್ಲೇರ್, 190 ಗೋಲು. 2000ದಲ್ಲಿ 16ನೆಯ ವಯಸ್ಸಿಗೆ ತಂಡಕ್ಕೆ ಬಂದವರು 2023ರ ಡಿಸೆಂಬರ್‌ವರೆಗೆ ಆಡಿದರು. ಹಿರಿಯರು ಹೇಳಿದ ಮಾತು ಇಲ್ಲಿಯೂ ನಿಜ. ಅಮೆರಿಕದ ಆಬಿ ವಾಂಬಾಕ್ ಅವರ 184ರ ದಾಖಲೆಯನ್ನು ಸಿಂಕ್ಲೇರ್ ಮುರಿದದ್ದು 2020ರ ಜನವರಿಯಲ್ಲಿ, ಸೇಂಟ್ ಕಿಟ್ಸ್ ಮತ್ತು ನೇವಿಸ್ ಎಂಬ ಪುಟ್ಟ ದ್ವೀಪ ದೇಶದ ವಿರುದ್ಧ. ಆ ಪಂದ್ಯ 11-0. ಆದರೆ ಇದೇ ಸಿಂಕ್ಲೇರ್ 2012ರ ಒಲಿಂಪಿಕ್ ಸೆಮಿಫೈನಲ್ಲಿನಲ್ಲಿ ಓಲ್ಡ್ ಟ್ರಾಫರ್ಡಿನಲ್ಲಿ ಅಮೆರಿಕಕ್ಕೆ ಮೂರು ಗೋಲು ಹೊಡೆದರು. ತಂಡ 3-4ರಿಂದ ಸೋತಿತು. ಐದು ವಿಶ್ವಕಪ್‌ಗಳಲ್ಲಿ ಗೋಲು ಹೊಡೆದಿದ್ದಾರೆ.

ನಾನು ನನ್ನ ಹುಡುಗಿಯರಿಗೆ ತೋರಿಸುವುದು ಟೋಕಿಯೊ ಒಲಿಂಪಿಕ್ಸ್ ಫೈನಲ್. 2021ರ ಆಗಸ್ಟ್, ಎದುರಾಳಿ ಸ್ವೀಡನ್, ಕೆನಡಾ ಒಂದು ಗೋಲು ಹಿಂದೆ. ಸಿಂಕ್ಲೇರ್ ಅವರನ್ನೇ ಬೀಳಿಸಿದ್ದಕ್ಕೆ ಪೆನಾಲ್ಟಿ ಸಿಕ್ಕಿತು. ಲೋಕದಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಅದನ್ನು ಹೊಡೆಯಲಿಲ್ಲ. 23 ವರ್ಷದ ಜೆಸ್ಸಿ ಫ್ಲೆಮಿಂಗ್ ಹೊಡೆದರು, ಸಮವಾಯಿತು, ಕೊನೆಗೆ ಶೂಟೌಟ್‌ನಲ್ಲಿ ಚಿನ್ನ. ಹಳೆ ಸೆಂಟರ್ ಫಾರ್ವರ್ಡ್ ಅವರು ಚೆಟ್ರಿಯ ಅಕ್ಕಪಕ್ಕ ಯಾರೂ ಇರಲಿಲ್ಲ ಎಂದರಲ್ಲ, ಕೆನಡಾದಲ್ಲಿ ಒಬ್ಬಳನ್ನು ಬೆಳೆಸಿಟ್ಟುಕೊಂಡಿದ್ದರು.

ಬೆಂಗ್ರೆಯ ಅಣ್ಣನಿಗೆ ಒಂದು ಕೋರಿಕೆ. ನಿಮ್ಮ ಪ್ರೊಜೆಕ್ಟರಿನ ಮುಂದೆ ಹುಡುಗಿಯರಿಗೂ ಜಾಗ ಕೊಡಿ. ಮಣಿಪುರದ ಬಾಲಾ ದೇವಿ 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ತಂಡ ಸೇರಿದಾಗ, ವಿದೇಶದಲ್ಲಿ ವೃತ್ತಿಪರ ಒಪ್ಪಂದ ಪಡೆದ ಭಾರತದ ಮೊದಲ ಮಹಿಳೆ ಎಂದು ಪತ್ರಿಕೆಗಳಲ್ಲಿ ಬಂತು. ಅವರೂ ಸ್ಟ್ರೈಕರ್. ನಮ್ಮ ಕಡೆ ಆ ಹೆಸರು ಕೇಳಿದ ಹುಡುಗರು ಎಷ್ಟಿದ್ದಾರೆ?

ಬೆಂಗ್ರೆ ದಡ:

ಟೀಚರ್, ಹುಡುಗಿಯರು ಈಗಾಗಲೇ ಕಿಟಕಿಯ ಹೊರಗೆ ನಿಂತು ನೋಡುತ್ತಾರೆ. ಒಳಗೆ ಕೂರಿಸಲು ಮನೆಯವರ ಹತ್ತಿರ ಮಾತಾಡಬೇಕು, ಮಾತಾಡುತ್ತೇನೆ. ಟೋಕಿಯೊ ಫೈನಲ್ ಪಟ್ಟಿಗೆ ಸೇರಿತು.

ಸೆಂಟರ್ ಫಾರ್ವರ್ಡ್ ಸಾರ್, ನಿಮ್ಮ ಉತ್ತರವನ್ನು ನಿನ್ನೆ ಹುಡುಗರ ಮುಂದೆ ಓದಿದೆ. ಮೆಸ್ಸಿಯ ನೂರನೆಯ ಗೋಲು ಕುರಸಾವ್‌ಗೆ ಎಂದಾಗ ಅರ್ಜೆಂಟೀನಾ ಗಲ್ಲಿಯವರು ಮೊಬೈಲ್ ತೆಗೆದು ನೋಡಿದರು, ಆಮೇಲೆ ಮಾತಿಲ್ಲ. ಆದರೆ ಆ ಹದಿಮೂರರ ಹುಡುಗ ಬಿಡುವವನಲ್ಲ. "ಹಾಗಾದರೆ ಪಾಸ್ ಕೊಟ್ಟ ಮೇಲೆ ಎಲ್ಲಿಗೆ ಓಡಬೇಕು ಎಂದು ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದ. ನಾನು ಡಿಫೆಂಡರ್ ಆಡಿದವನು, ಓಡುವವನನ್ನು ಬೀಳಿಸುವುದು ಮಾತ್ರ ಗೊತ್ತು. ನೀವೇ ಹೇಳಬೇಕು.

ಹಳೆ ಸೆಂಟರ್ ಫಾರ್ವರ್ಡ್:

ನಿನ್ನ ಡಿಫೆಂಡರ್ ಬುದ್ಧಿಯೇ ಇಲ್ಲಿ ಉಪಯೋಗಕ್ಕೆ ಬರುತ್ತದೆ ತಮ್ಮಾ. ನಿನಗೆ ಯಾವ ಓಟ ಕಂಡರೆ ಹೆದರಿಕೆಯಾಗುತ್ತಿತ್ತು? ನಿನ್ನ ಬೆನ್ನ ಹಿಂದೆ, ನಿನಗೂ ಪಕ್ಕದ ಡಿಫೆಂಡರಿಗೂ ನಡುವೆ ಬರುವ ಓಟ. ಅವನು ನಿನ್ನವನೋ ನನ್ನವನೋ ಎಂದು ಇಬ್ಬರೂ ಒಬ್ಬರನ್ನೊಬ್ಬರು ನೋಡುವಷ್ಟರಲ್ಲಿ ಅವನು ದಾಟಿರುತ್ತಾನೆ. ಅಲ್ಲಿಗೆ ಓಡಲು ಹೇಳು.

ಮರಳಿನ ಮೇಲೆ ಹೀಗೆ ಮಾಡಿಸು. ಎರಡು ಡಿಫೆಂಡರುಗಳನ್ನು ಮೂರು ಮಾರು ದೂರದಲ್ಲಿ ನಿಲ್ಲಿಸು. ಅವರ ಮುಂದೆ ಒಬ್ಬ ಜೇಜೆ. ಹುಡುಗ ಅವನಿಗೆ ಪಾಸ್ ಕೊಟ್ಟು, ಮೊದಲ ಎರಡು ಹೆಜ್ಜೆ ಒಬ್ಬ ಡಿಫೆಂಡರನ ಕಡೆಗೇ ನೇರವಾಗಿ ಇಟ್ಟು, ಆಮೇಲೆ ಸಂದಿಗೆ ತಿರುಗಬೇಕು. ಆ ಎರಡು ಹೆಜ್ಜೆ ಇಲ್ಲದಿದ್ದರೆ ಡಿಫೆಂಡರ್ ಅಲುಗುವುದಿಲ್ಲ, ಸಂದಿ ತೆರೆಯುವುದಿಲ್ಲ. ಆಫ್‌ಸೈಡ್ ಆಗುವ ಹುಡುಗರೆಲ್ಲ ಬೇಗ ಓಡಿದವರಲ್ಲ, ನೇರ ಓಡಿದವರು. ಅಂಚಿನಿಂದ ಓರೆಯಾಗಿ ಬಂದರೆ ಸಾಲನ್ನೂ ಚೆಂಡನ್ನೂ ಒಟ್ಟಿಗೆ ನೋಡಬಹುದು. ಚೆಟ್ರಿ ಎಡ ಅಂಚಿನಿಂದ ಅಷ್ಟು ಗೋಲು ಹೊಡೆದದ್ದು ಹಾಗೆಯೇ.

ಜೇಜೆಯ ಜಾಗದಲ್ಲಿ ನಿಮ್ಮ ತಂಡದ ಅತಿ ಜಾಣ ಹುಡುಗನನ್ನು ನಿಲ್ಲಿಸು, ಅತಿ ವೇಗದವನನ್ನಲ್ಲ. ಮೆಲ್ಲಗೆ ಎತ್ತಿ ಹಾಕುವ ಆ ಪಾಸಿಗೆ ಮರಳು ಒಳ್ಳೆಯದು, ಚೆಂಡು ಬಿದ್ದಲ್ಲಿಯೇ ನಿಲ್ಲುತ್ತದೆ. ನೆಹರೂ ಮೈದಾನಕ್ಕೆ ಬಂದಾಗ ಮಾತ್ರ ಜಾರಿ ಮುಂದೆ ಹೋಗುತ್ತದೆ, ಹಾಗಾಗಿ ಟೂರ್ನಮೆಂಟಿಗೆ ಮೊದಲು ಒಂದೆರಡು ಸಲವಾದರೂ ಕಡವು ದಾಟಿಸಿ ಅಲ್ಲಿ ಆಡಿಸು. ಬರುವಾಗ ಒಂದು ಮಾತು ತಿಳಿಸು. ಆ ಹದಿಮೂರರ ವಾದಗಾರನನ್ನು ನಾನು ನೋಡಬೇಕು.